ಲೆದರಾ, ಬಟ್ಟೆಯಾ? ಮಲೆನಾಡಲ್ಲಿ ಚಿತ್ರದ ಎಡಿಷನ್ ಕೂಡಿಡೋರಿಗೆ

ಜಾಯ್ಸ್, ಕಾಫ್ಕಾ, ವೂಲ್ಫ್ ಕಾದಂಬರಿಗಳ ಚಿತ್ರ ಇರೋ ಚಂದದ ಎಡಿಷನ್ ಕೂಡಿಡ್ಬೇಕು ಅನ್ನೋರು ಮೊದ್ಲು ಬೈಂಡಿಂಗ್ ನೋಡಿ. ತೀರ್ಥಹಳ್ಳಿ, ಆಗುಂಬೆ ಕಡೆ ಮನೆ ಇದ್ರೆ ಮಳೆಗಾಲ ನೆನಪಿಟ್ಕೊಂಡೇ ದುಡ್ಡು ಹಾಕಿ.

ಲೆದರ್ ಕೈಗೆ ತಗೊಂಡಾಗಿನ ಸುಖನೇ ಬೇರೆ, ಬೆನ್ನ ಮೇಲೆ ಉಬ್ಬು ಪಟ್ಟಿ, ಚಿನ್ನದ ಅಕ್ಷರ, ಹಾಳೆ ಅಂಚಿಗೂ ಚಿನ್ನದ ಲೇಪ ಇದ್ರೆ ಧೂಳು ಒಳಗಿಳಿಯೋದೂ ಕಮ್ಮಿ. ಆದ್ರೆ ಆಷಾಢದಲ್ಲಿ ಹದಿನೈದು ದಿನ ಬಿಸಿಲೇ ಕಾಣ್ದೆ ನನ್ ಕಪಾಟಿನ ಲೆದರ್ ಪುಸ್ತಕದ ಬೆನ್ನಿಗೆ ಬೂದಿ ಬಣ್ಣದ ಬೂಷ್ಟು ಹಿಡ್ದಿತ್ತು, ಒಣ ಬಟ್ಟೇಲಿ ಒರೆಸಿದ್ರೆ ಬೂಷ್ಟು ಹೋಯ್ತು ಕಲೆ ಉಳೀತು, ಇವತ್ತಿಗೂ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಬಟ್ಟೆ ಬೈಂಡಿಂಗು, ಅಂದ್ರೆ 1947ರಲ್ಲಿ ಶುರುವಾದ ಲಂಡನ್ನಿನ ಫೋಲಿಯೋ ಸೊಸೈಟಿ ಅನ್ನೋ ಪ್ರಕಾಶಕರ ಥರದ್ದು, ರಟ್ಟಿನ ಪೆಟ್ಟಿಗೆ ಸಮೇತ ಬರುತ್ತೆ, ರೇಟೂ ಹಗುರ. ಇದಕ್ಕೂ ಬೂಷ್ಟು ಬರಲ್ಲ ಅಂತಲ್ಲ, ಪೆಟ್ಟಿಗೆ ಒಳಗೆ ಥಂಡಿ ಕೂತ್ಬಿಡುತ್ತೆ, ಅದಕ್ಕೆ ಮಳೆ ಬಿಟ್ಟ ದಿನ ಹೊರಗೆ ತೆಗೆದು ನೆರಳಲ್ಲಿ ಗಾಳಿಗಿಡಿ. ಕಪಾಟನ್ನ ಹೊರಗೋಡೆಗೆ ಒತ್ತಿ ಇಡ್ಬೇಡಿ.

ಚಿತ್ರನೇ ಮುಖ್ಯ ಅನ್ನೋರಿಗೆ ಕನಸಿನ ಪುಸ್ತಕ ಅಂದ್ರೆ ಜಾಯ್ಸ್ ಕಾದಂಬರಿ ‘ಯುಲಿಸಿಸ್’ನ 1935ರ ಎಡಿಷನ್. ಫ್ರೆಂಚ್ ಚಿತ್ರಕಾರ ಮಟೀಸ್ ಅದಕ್ಕೆ ಕಥೆ ನಡೆಯೋ ಡಬ್ಲಿನ್ ಬಿಟ್ಟು, ಕಾದಂಬರಿಗೆ ಮಾದರಿಯಾದ ಹೋಮರನ ಒಡಿಸ್ಸಿ ಕಾವ್ಯದ ಪ್ರಸಂಗಗಳನ್ನೇ ಚಿತ್ರಿಸಿದ್ರು! 1500 ಪ್ರತೀಲಿ ಜಾಯ್ಸ್ ಸಹಿ ಇರೋದು 250ಕ್ಕೆ ಮಾತ್ರ, ನಮ್ಮಂಥೋರ ಕೈಗೆಟುಕಲ್ಲ ಬಿಡಿ.

ಮೊದಲ್ನೇ ಪುಸ್ತಕ ಅಂದ್ರೆ ನಾನಂತೂ ಬಟ್ಟೇದೇ ತಗೊಳ್ಳಿ ಅಂತೀನಿ, ಎರಡು ಮಳೆಗಾಲ ಅದನ್ನ ಚೆನ್ನಾಗಿ ಕಾಪಾಡಿದ್ಮೇಲೆ ಲೆದರ್ ಕಡೆ ನೋಡಿ.