ಹಂಗೇರಿ ಮತ್ತು ನೆರೆಹೊರೆಯ ಸಂಗೀತ, ಪುಣೆಯಲ್ಲಿ ಮೂರು ಸಂಜೆ: ಬಿಡದೇ ಕೇಳಿ

ಮೊದಲೇ ಹೇಳಿಬಿಡುತ್ತೇನೆ, ಈ ಉತ್ಸವ ಮತ್ತೆ ಪುಣೆಗೆ ಬಂದರೆ ತಪ್ಪಿಸಿಕೊಳ್ಳಬೇಡಿ. ಕ್ಯಾಂಪ್ ಕಡೆ ಒಂದು ಸಣ್ಣ ಸಭಾಂಗಣದಲ್ಲಿ ಮೂರು ಸಂಜೆ ನಡೆಯಿತು. ಎರಡು ಪಿಟೀಲು, ಒಂದು ಚೆಲ್ಲೊ (ಕೂತು ನುಡಿಸುವ, ಪಿಟೀಲಿನ ದೊಡ್ಡ ನೆಂಟ), ಒಂದು ಪಿಯಾನೊ, ಅಷ್ಟೇ. ಹಂಗೇರಿಯವರೂ ಸುತ್ತಲಿನ ರೊಮೇನಿಯಾ, ಸ್ಲೊವಾಕಿಯಾ, ಸರ್ಬಿಯಾದವರೂ ಹಂಚಿಕೊಂಡು ಬಂದ ಹಾಡು ಕುಣಿತಗಳು, ಅವುಗಳಿಂದ ಹುಟ್ಟಿದ ಶಾಸ್ತ್ರೀಯ ಸಂಗೀತ. ಪಾಶ್ಚಾತ್ಯ ಸಂಗೀತ ನಮಗೆಲ್ಲಿ ಅರ್ಥವಾಗುತ್ತದೆ ಅಂತ ಹಿಂಜರಿಯುವ ಕನ್ನಡದ ಗೆಳೆಯರು ಇಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಂಜೆ ಸುಮಾರಾಗಿತ್ತು. ಲಿಸ್ಟ್, ಬ್ರಾಮ್ಸ್ ಎಂಬ ಹತ್ತೊಂಬತ್ತನೇ ಶತಮಾನದ ಸಂಗೀತ ರಚನಕಾರರು, ಎಲ್ಲರಿಗೂ ಗೊತ್ತಿರುವ ಧಾಟಿಗಳು, ಜೋರು ಚಪ್ಪಾಳೆ. ನುಡಿಸಿದ್ದರಲ್ಲಿ ಕೊರತೆ ಇರಲಿಲ್ಲ, ಆದರೆ ಕಥೆಯನ್ನೇ ಬಿಟ್ಟುಬಿಟ್ಟರು. ಬ್ರಾಮ್ಸ್‌ನ ಐದನೇ ಹಂಗೇರಿಯನ್ ನೃತ್ಯ ಇದೆಯಲ್ಲ, ಅದು ಜನಪದ ಧಾಟಿ ಅಂದುಕೊಂಡು ಅವನು ಎತ್ತಿಕೊಂಡದ್ದು, ನಿಜಕ್ಕೂ ಅದು ಕೆಲೇರ್ ಬೇಲಾ ಎಂಬುವವನು ಬರೆದ ಚಾರ್ದಾಶ್, ಅಂದರೆ ಹಂಗೇರಿಯ ಒಂದು ಕುಣಿತದ ಧಾಟಿ. ಆ ಕೆಲೇರ್ ಹುಟ್ಟಿದ ಊರು ಈಗ ಸ್ಲೊವಾಕಿಯಾದಲ್ಲಿದೆ. ಉತ್ಸವದ ವಿಷಯವೇ ಇದು ಅಲ್ವಾ? ನಿರೂಪಕರು ಅಷ್ಟು ಹೊತ್ತು ಮಾತಾಡಿದರು, ಇದೊಂದನ್ನು ಹೇಳಲಿಲ್ಲ.

ಎರಡನೇ ಸಂಜೆಗೆ ಮಾತ್ರ ಎಷ್ಟು ಹೊಗಳಿದರೂ ಕಡಿಮೆ.

ಅವತ್ತು ಪೂರ್ತಿ ಹಂಗೇರಿಯ ಸಂಗೀತ ರಚನಕಾರ ಬಾರ್ತೋಕ್. 1906ರ ಹೊತ್ತಿಗೆ ಬೇಲಾ ಬಾರ್ತೋಕ್ ಮತ್ತು ಅವನ ಗೆಳೆಯ ಜೋಲ್ತಾನ್ ಕೊದಾಯ್ ಎಡಿಸನ್ ಫೋನೋಗ್ರಾಫ್ ಎಂಬ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಹಳ್ಳಿ ಹಳ್ಳಿ ಸುತ್ತತೊಡಗಿದರು. ರೈತರು, ಹೆಂಗಸರು ಹಾಡಿದ್ದನ್ನು ಮೇಣದ ಸಿಲಿಂಡರಿನಲ್ಲಿ ಹಿಡಿದಿಟ್ಟರು. ಬಾರ್ತೋಕ್ ಬರೀ ಹಂಗೇರಿಯವರ ಹಾಡಿಗೆ ನಿಲ್ಲಲಿಲ್ಲ. ಸ್ಲೊವಾಕರ ಮನೆಗೂ ಹೋದ, ರೊಮೇನಿಯನ್ನರ ಹಳ್ಳಿಗೂ ಹೋದ. ಮುಂದೆ ಮೊದಲ ಮಹಾಯುದ್ಧದ ಬಳಿಕ 1920ರ ತ್ರಿಯಾನೊನ್ ಒಪ್ಪಂದದಲ್ಲಿ ಹಂಗೇರಿ ತನ್ನ ನೆಲದ ಮೂರರಲ್ಲಿ ಎರಡು ಪಾಲು ಕಳೆದುಕೊಂಡಿತು, ಅವನು ಹುಟ್ಟಿದ ಊರೇ ರೊಮೇನಿಯಾಕ್ಕೆ ಸೇರಿತು. ಆ ಗಾಯ ಹಸಿಯಾಗಿದ್ದಾಗ ರೊಮೇನಿಯನ್ನರ ಸಂಗೀತದ ಬಗ್ಗೆ ಬರೆದದ್ದಕ್ಕೆ ತನ್ನ ದೇಶದವರಿಂದಲೇ ಬೈಸಿಕೊಂಡ. ಆದರೂ ಆ ಕೆಲಸ ಬಿಡಲಿಲ್ಲ. 1931ರಲ್ಲಿ ಎರಡು ಪಿಟೀಲಿಗಾಗಿ 44 ಪುಟ್ಟ ತುಣುಕುಗಳನ್ನು ಬರೆದ, ಕಲಿಯುವ ಮಕ್ಕಳಿಗೆ ಅಂತ. ಅವುಗಳಲ್ಲಿ 42 ಜನಪದ ಧಾಟಿಗಳ ಮೇಲೆ ನಿಂತಿವೆ. ಹಂಗೇರಿಯದು, ಸ್ಲೊವಾಕರದು, ರೊಮೇನಿಯನ್ನರದು, ಸರ್ಬಿಯಾದವರದು, ಒಂದು ಅರಬರದೂ ಇದೆ, ಎಲ್ಲ ಒಂದೇ ಪುಸ್ತಕದಲ್ಲಿ ಪಕ್ಕಪಕ್ಕ ಕೂತಿವೆ.

ಇಲ್ಲಿ ಮಾಡಿದ ಒಳ್ಳೇ ಕೆಲಸ ಅಂದರೆ, ನುಡಿಸುವ ಮುಂಚೆ ಒಂದೆರಡು ಹಳೇ ಸಿಲಿಂಡರ್ ಧ್ವನಿಮುದ್ರಣ ಕೇಳಿಸಿದರು. ಚರಪರ ಸದ್ದಿನ ಹಿಂದೆ ಒಬ್ಬ ಹೆಂಗಸಿನ ದನಿ. ಸಾಲಿನ ಕೊನೆಯ ಸ್ವರಕ್ಕೆ ಬಂದಾಗ ಅವಳು ನೇರವಾಗಿ ನಿಲ್ಲುವುದಿಲ್ಲ, ಗಂಟಲನ್ನು ಸಣ್ಣಗೆ ತಿರುಗಿಸಿ ಕೆಳಗಿಳಿಯುತ್ತಾಳೆ. ಪಿಟೀಲು ಶುರುವಾದಾಗ ಆ ತಿರುವಿಗಾಗಿಯೇ ಕಿವಿ ಕಾಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಧಾರವಾಡ ಕಡೆಯ ಹಿರಿಯರೊಬ್ಬರು ನನ್ನ ಕಡೆ ಬಗ್ಗಿ, "ಇದು ನಮ್ಮ ಧಾನಿ ರಾಗ ಅಲ್ಲೇನ್ರಿ?" ಅಂದರು. ಅವರು ಹೇಳಿದ್ದು ಸರಿ. ಹಂಗೇರಿಯ ತೀರಾ ಹಳೇ ಹಾಡುಗಳಲ್ಲಿ ಐದೇ ಸ್ವರ, ಧಾನಿಯ ಸ ಗ ಮ ಪ ನಿ. ಇನ್ನು ಹಂಗೇರಿಯನ್ ಮೈನರ್ ಅಂತ ಕರೆಯುವ ಸ್ವರಸಾಲು ಇದೆಯಲ್ಲ, ಅದನ್ನು ಕರ್ನಾಟಕ ಸಂಗೀತದವರು ಸಿಂಹೇಂದ್ರಮಧ್ಯಮದ ಸ್ವರಗಳು ಅಂತ ತಕ್ಷಣ ಹಿಡಿಯುತ್ತಾರೆ. ರಾಗದ ನಡೆ ಬೇರೆ, ನಿಜ, ಆದರೆ ಒಳಗೆ ಬರಲು ಬಾಗಿಲು ಸಿಕ್ಕಿತಲ್ಲ.

ಪುಣೆಯ ಕನ್ನಡಿಗರಿಗಂತೂ ಇದು ಹತ್ತಿರದ ವಿಷಯ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಮಹಾರಾಷ್ಟ್ರದ ಮಿರಜಿನಲ್ಲಿ ನೆಲೆಸಿದವರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಆ ಸವಾಯಿಯವರ ಶಿಷ್ಯ ಗದಗಿನ ಭೀಮಸೇನ ಜೋಶಿ ಪುಣೆಯವರೇ ಆಗಿಹೋದರು. ಮರಾಠಿ ಅಭಂಗ, ಕನ್ನಡದ ದಾಸರ ಪದ, ಎರಡೂ ಒಂದೇ ಕಂಠದಿಂದ ಕೇಳಿ ಬೆಳೆದವರು ನಾವು. ಹಂಗೇರಿಯವರ ಧಾಟಿ ರೊಮೇನಿಯಾದ ಹಳ್ಳಿಯಲ್ಲಿ ಹೇಗೆ ಸಿಗುತ್ತದೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೇ ಸಂಜೆ ಕೊದಾಯ್ 1914ರಲ್ಲಿ ಪಿಟೀಲು ಮತ್ತು ಚೆಲ್ಲೊಗೆ ಬರೆದ ಜೋಡಿವಾದ್ಯದ ಕೃತಿ ಉದ್ದ ಅನಿಸಿತು, ನಡುವೆ ಕೆಲವರು ಎದ್ದೂ ಹೋದರು. ಬಾರ್ತೋಕ್‌ನ ಮೊದಲ ರ‍್ಯಾಪ್ಸಡಿ ಎಂಬ ಸ್ವಚ್ಛಂದ ರೂಪದ ಕೃತಿ ಹಾಗಲ್ಲ. ಮೊದಲು 'ಲಶ್ಶೂ', ನಿಧಾನ, ಆಮೇಲೆ 'ಫ್ರಿಶ್', ಚುರುಕು. ವಿಲಂಬಿತ, ದ್ರುತ ಕೇಳಿದ ಕಿವಿಗೆ ಕೂಡಲೇ ಹಿಡಿಸಿತು. ಅವನದೇ ರೊಮೇನಿಯನ್ ಜನಪದ ನೃತ್ಯಗಳ ಮೂರನೆಯದನ್ನಂತೂ ಮರೆಯಲಾರೆ. ಪಿಟೀಲು ನುಡಿಸುವಾಕೆ ಒಂದು ಬೆರಳನ್ನು ತಂತಿಯ ಮೇಲೆ ಒತ್ತಿ, ಇನ್ನೊಂದನ್ನು ಸುಮ್ನೆ ತಾಗಿಸಿ, ಕಮಾನನ್ನು ಹಗುರಾಗಿ ಎಳೆಯುತ್ತಿದ್ದರು. ಕಣ್ಣು ಮುಚ್ಚಿದರೆ ದೂರದಲ್ಲಿ ಯಾರೋ ಕೊಳಲು ಊದಿದ ಹಾಗೆ. ಆರು ನೃತ್ಯ ಸೇರಿ ಹತ್ತು ನಿಮಿಷವೂ ಇಲ್ಲ, ಇನ್ನೊಮ್ಮೆ ನುಡಿಸಿ ಅಂತ ಕೂಗಬೇಕು ಅನಿಸಿತು.

ಸಂಘಟಕರಿಗೆ ಕೆಲವು ಮಾತು. ಅಷ್ಟು ಚಿಕ್ಕ ಸಭಾಂಗಣಕ್ಕೆ ಮೈಕ್ ಯಾಕೆ? ಮೊದಲ ಎರಡು ದಿನ ಚೆಲ್ಲೊ ಬರೀ ಗುಂಯ್ ಅನ್ನುತ್ತಿತ್ತು, ಮೂರನೇ ದಿನ ಮೈಕ್ ತೆಗೆದ ಮೇಲೆ ತಂತಿಯ ದನಿ ಕೇಳಿಸಿತು. ಕಾರ್ಯಕ್ರಮದ ಹಾಳೆಯಲ್ಲಿ ಯಾವ ತುಣುಕು ಯಾವ ಜನರ ಧಾಟಿ ಅಂತ ಬರೆದಿರಲಿಲ್ಲ. ಈ ಉತ್ಸವದಲ್ಲಿ ಅದೇ ಮೊದಲು ಬೇಕಾದದ್ದು. ಮತ್ತೆ ಸಿಂಬಲೊಮ್ ಇರಲಿಲ್ಲ. ಕೋಲಿನಿಂದ ಬಾರಿಸುವ ಈ ವಾದ್ಯ ನಮ್ಮ ಸಂತೂರಿನ ನೆಂಟ, ಪೆಡಲ್ ಇರುವ ದೊಡ್ಡ ರೂಪ ಬುಡಾಪೆಸ್ಟಿನಲ್ಲಿ 1870ರ ದಶಕದಲ್ಲಿ ತಯಾರಾಯಿತು. ಭಾರದ ವಾದ್ಯ, ಸಾಗಿಸಲು ಖರ್ಚು ಜಾಸ್ತಿ, ಒಪ್ಪುತ್ತೇನೆ. ಆದರೆ ಪುಣೆಯ ಕೇಳುಗರ ಎದುರು ಅದನ್ನೊಮ್ಮೆ ಇಟ್ಟರೆ ಅರ್ಧ ವಿವರಣೆಯೇ ಬೇಕಾಗುವುದಿಲ್ಲ.

ಹೋಗುವವರು ಒಂದೇ ಸಂಜೆ ಬಿಡುವಿದ್ದರೆ ಪೂರ್ತಿ ಬಾರ್ತೋಕ್ ಇರುವ ದಿನ ಆರಿಸಿಕೊಳ್ಳಿ. ಪಿಟೀಲು ಕಲಿಯುತ್ತಿರುವ ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಆ 44ರಲ್ಲಿ ಸೊಳ್ಳೆ ಕುಣಿತ ಅಂತ ಒಂದಿದೆ, ಅದು ಬಂದಾಗ ನನ್ನ ಮುಂದಿನ ಸಾಲಿನ ಹುಡುಗಿ ಸೀಟಿನ ಮೇಲೆ ಎದ್ದು ನಿಂತಿದ್ದಳು.