ಓವರ್‌ಕ್ಲಾಕ್ ಮಾಡುವವರಿಗೆ ಐ9 ಯಾಕೆ ಬೇಡ: ಹಾಸನ, ಚಿಕ್ಕಮಗಳೂರಿನ ಕರೆಂಟು, ಹವೆ ನೋಡಿ ಹೇಳುವ ಮಾತು

ಓವರ್‌ಕ್ಲಾಕ್ ಮಾಡಲೆಂದೇ, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರ್ ಓಡಿಸಲೆಂದೇ ಡೆಸ್ಕ್‌ಟಾಪ್ ಜೋಡಿಸುವವರು ಮಧ್ಯಮ ದರ್ಜೆಯ ಪ್ರೊಸೆಸರನ್ನೇ ಕೊಳ್ಳಬೇಕು. ದುಬಾರಿ ಚಿಪ್ಪನ್ನು ಕಂಪನಿಯವರೇ ಹಿಂಡಿ ಕಳಿಸಿರುತ್ತಾರೆ. ನಮಗೆ ಉಳಿಯುವುದು ಹಿಪ್ಪೆ.

ಇಂಟೆಲ್ ಐ9-14900ಕೆ ನೋಡಿ. 8 ಪಿ-ಕೋರ್ (ಭಾರದ ಕೆಲಸದ ವೇಗದ ಕೋರ್), 16 ಇ-ಕೋರ್ (ಕಡಿಮೆ ವಿದ್ಯುತ್ತಿನ ಚಿಕ್ಕ ಕೋರ್), ಏನೂ ಮುಟ್ಟದಿದ್ದರೂ 6.0 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಗರಿಷ್ಠ ಟರ್ಬೊ ಪವರ್ 253 ವ್ಯಾಟ್. ಅದನ್ನು 6.2ಕ್ಕೆ ಎತ್ತಿದರೆ ಸಿಗುವುದು ಶೇ 3. ವೇಗ ಏರಿಸಲು ವೋಲ್ಟೇಜೂ ಏರಿಸಬೇಕು, ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ: 1.30 ವೋಲ್ಟನ್ನು 1.40 ಮಾಡಿದರೆ ಅದೊಂದರಿಂದಲೇ ಶೇ 16ರಷ್ಟು ಹೆಚ್ಚು ಕಾವು. 360 ಮಿಲಿಮೀಟರ್ ಲಿಕ್ವಿಡ್ ಕೂಲರ್ ಹಾಕಿದರೂ 100 ಡಿಗ್ರಿಯ ಗಡಿ ತಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಐ5-14600ಕೆಯಲ್ಲಿ 6 ಪಿ-ಕೋರ್, 8 ಇ-ಕೋರ್, ಮಿತಿ 181 ವ್ಯಾಟ್. ಎರಡು ಗೋಪುರದ ಒಳ್ಳೆಯ ಏರ್ ಕೂಲರ್ ಸಾಕು. ಪಿ-ಕೋರ್ 5.3ರಿಂದ 5.5ಕ್ಕೂ, ಇ-ಕೋರ್ 4.0ರಿಂದ 4.2ಕ್ಕೂ ಏರಿಸಲು ಜಾಗ ಇರುತ್ತದೆ. ಲಾಭ ಶೇ 4-5 ಅಷ್ಟೇ. 2011ರ ಐ5-2500ಕೆಯನ್ನು 3.3ರಿಂದ 4.5ಕ್ಕೆ ಎತ್ತುತ್ತಿದ್ದ ಕಾಲ ಮುಗಿದಿದೆ, ಆ ಆಸೆ ಇಟ್ಟುಕೊಳ್ಳಬೇಡಿ. ಬಿಡುಗಡೆಯ ಹೊತ್ತಿನ ಅಮೆರಿಕದ ಬೆಲೆ ಐ5ಕ್ಕೆ 319 ಡಾಲರ್, ಐ9ಕ್ಕೆ 589. ಆ ವ್ಯತ್ಯಾಸದ ಹಣ ಮದರ್‌ಬೋರ್ಡು, ಕೂಲರು, ಯುಪಿಎಸ್‌ಗೆ ಹೋಗಲಿ.

ಕೊಳ್ಳುವಾಗ ಆಗುವ ದೊಡ್ಡ ತಪ್ಪು ಬೋರ್ಡಿನದು. ಕೆ ಪ್ರೊಸೆಸರ್ (ಹೆಸರಿನ ಕೊನೆಗೆ ಕೆ ಇರುವ, ಓವರ್‌ಕ್ಲಾಕ್ ಮಾಡಬಹುದಾದ ಇಂಟೆಲ್ ಚಿಪ್) ಜೊತೆ ಬಿ760 ಬೋರ್ಡ್ ಕೂಡಿಸಿದ ಕೊಟೇಶನ್ ಕೈಗೆ ಬಂದರೆ ಒಪ್ಪಬೇಡಿ. ಅದರಲ್ಲಿ ರ‍್ಯಾಮ್ ವೇಗ ಏರಿಸಬಹುದು, ಕೋರ್ ಗುಣಕ (ಕೋರ್ ವೇಗ ನಿರ್ಧರಿಸುವ ಸಂಖ್ಯೆ) ಏರಿಸಲು ಬಿಡುವುದಿಲ್ಲ. ಝಡ್690 ಅಥವಾ ಝಡ್790 ಬೇಕು. ಈ ವಿಷಯದಲ್ಲಿ ಎಎಮ್‌ಡಿ ಉದಾರಿ: ರೈಝನ್ 5 7600ಎಕ್ಸ್ ಜೊತೆ ಬಿ650 ಬೋರ್ಡೇ ಸಾಕು, ಎ620 ಮಾತ್ರ ಬೇಡ. ಒಟ್ಟು ಖರ್ಚು ಹಿಡಿತದಲ್ಲಿರಬೇಕು ಎನ್ನುವವರಿಗೆ ನಮ್ಮ ಮೊದಲ ಆಯ್ಕೆ ಇದೇ ಜೋಡಿ.

ಸೆಕೆಂಡ್‌ಹ್ಯಾಂಡ್ ಐ9 ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. 13, 14ನೇ ಪೀಳಿಗೆಯ ಚಿಪ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಒಳಗೇ ಸವೆಯುತ್ತವೆಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಮೈಕ್ರೋಕೋಡ್ (ಚಿಪ್ಪಿನ ಒಳ ಸೂಚನೆಗಳ ತಿದ್ದುಪಡಿ) ಬಂತು. ಅವು ಮುಂದಿನ ಹಾನಿ ತಡೆಯುತ್ತವೆ, ಆಗಲೇ ಸವೆದದ್ದನ್ನು ಸರಿಪಡಿಸುವುದಿಲ್ಲ. ಆಟ ತೆರೆಯುವಾಗ ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ ಬಂದು ಮುಚ್ಚಿಕೊಂಡರೆ ಗ್ರಾಫಿಕ್ಸ್ ಕಾರ್ಡನ್ನು ಬೈಯುವ ಮೊದಲು ಪ್ರೊಸೆಸರ್ ಅನುಮಾನಿಸಿ. ಐ5-14600ಕೆ ಕೂಡ ಈ ಸವೆತದ ತೊಂದರೆಯ ಪಟ್ಟಿಯಲ್ಲಿದೆ. ಹೊಸದಾದರೂ, ಈ ತಿದ್ದುಪಡಿ ಸೇರಲು ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಯೇ ಕೆಲಸ ಶುರುಮಾಡಿ.

ಬಯೋಸ್ ಅಪ್‌ಡೇಟನ್ನು ಮಳೆಗಾಲದಲ್ಲಿ ನೇರ ಗೋಡೆಯ ಪ್ಲಗ್‌ನಿಂದ ಮಾಡಬಾರದು. ಲೈನ್ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗಲು ಒಂದು ಗಾಳಿ ಸಾಕು, ಅರ್ಧಕ್ಕೆ ನಿಂತರೆ ಬೋರ್ಡ್ ಏಳುವುದಿಲ್ಲ. ಯುಪಿಎಸ್ ಮೇಲೆ ಮಾಡಿ, ಬೋರ್ಡ್ ಕೊಳ್ಳುವಾಗಲೇ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ (ಕೆಟ್ಟ ಬಯೋಸನ್ನು ಪೆನ್‌ಡ್ರೈವ್‌ನಿಂದ ಮತ್ತೆ ತುಂಬುವ ಬಟನ್) ಇದೆಯೇ ನೋಡಿ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಐ9 ಒಂದೇ 253 ಎಳೆದರೆ, 200 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್ ಸೇರಿದಾಗ ಯುಪಿಎಸ್ ಕೂಗಿ ಆಫ್ ಆಗುತ್ತದೆ. ಐ5 ಜೊತೆಗೂ 1000 ವಿಎ ಇಡುವುದೇ ಕ್ಷೇಮ. ಅರ್ಥಿಂಗ್ ಪರೀಕ್ಷಿಸದೆ ಓವರ್‌ಕ್ಲಾಕ್‌ಗೆ ಕೈಹಾಕಬೇಡಿ, ಹಳೆಯ ತೋಟದ ಮನೆಗಳಲ್ಲಿ ಇದು ಬಹಳ ಮುಖ್ಯ.

ಇನ್ನು ಕ್ರಮ. ಐ5ರಲ್ಲಿ ಮೊದಲು ಬಯೋಸ್‌ನ ಇಂಟೆಲ್ ಡಿಫಾಲ್ಟ್ ಪ್ರೊಫೈಲ್ ಹಾಕಿ ಸಿನೆಬೆಂಚ್ ಆರ್23 (ಪ್ರೊಸೆಸರ್ ಪರೀಕ್ಷಿಸುವ ತಂತ್ರಾಂಶ) ಹತ್ತು ನಿಮಿಷ ಓಡಿಸಿ ಅಂಕ, ತಾಪ ಬರೆದಿಟ್ಟುಕೊಳ್ಳಿ. ಪಿ-ಕೋರ್ ಗುಣಕವನ್ನು ಒಂದೊಂದೇ ಏರಿಸಿ: 54 (ಅಂದರೆ 5.4 ಗಿಗಾಹರ್ಟ್ಸ್), ಆಮೇಲೆ 55. ವೋಲ್ಟೇಜ್ ಅಡಾಪ್ಟಿವ್ (ಬೇಕಾದಂತೆ ಏರಿಳಿಯುವ ಬಗೆ) ಇರಲಿ, ಲೋಡ್‌ಲೈನ್ (ಭಾರ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ನೋಡುವ ಸೆಟ್ಟಿಂಗ್) ಮಧ್ಯಮ ಹಂತದಲ್ಲಿರಲಿ. ಎಚ್‌ಡಬ್ಲ್ಯುಇನ್‌ಫೋ ಎಂಬ ತಂತ್ರಾಂಶದಲ್ಲಿ ವ್ಹಿಯಾ ಎರರ್ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ದೋಷ) ಒಂದೇ ಒಂದು ಕಂಡರೂ ಕೆಳಗಿಳಿಯಿರಿ, ಕಂಪ್ಯೂಟರ್ ಹ್ಯಾಂಗ್ ಆಗುವವರೆಗೆ ಕಾಯಬೇಡಿ.

7600ಎಕ್ಸ್‌ನಲ್ಲಿ ದಾರಿ ಬೇರೆ. ಪಿಬಿಓ (ಪ್ರೊಸೆಸರ್ ತಾನೇ ಇನ್ನಷ್ಟು ವೇಗ ಏರಿಸಿಕೊಳ್ಳುವ ಎಎಮ್‌ಡಿ ಸೌಲಭ್ಯ) ಆನ್ ಮಾಡಿ, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 10 ಕೊಟ್ಟು ಆರಂಭಿಸಿ, ತಾಳಿದರೆ 15, 20. ಇಲ್ಲಿ ಎಡವುವ ಜಾಗ ಹೀಗಿದೆ: ಭಾರ ಹಾಕಿದಾಗ ಗಟ್ಟಿಯಾಗಿ ನಿಂತ ಸಿಸ್ಟಮ್, ಬ್ರೌಸರ್ ತೆರೆದು ಸುಮ್ಮನೆ ಇರುವಾಗ ರೀಸ್ಟಾರ್ಟ್ ಆಗುತ್ತದೆ. ಹಗುರ ಕೆಲಸದಲ್ಲೇ ಒಂದು ಕೋರ್ ಅತಿ ಹೆಚ್ಚು ವೇಗಕ್ಕೆ ಜಿಗಿಯುವುದು. ಕಡಿತ ಮಾಡಿದ ವೋಲ್ಟೇಜ್ ಆಗ ಸಾಲುವುದಿಲ್ಲ. ಆದ್ದರಿಂದ ಕೋರ್‌ಸೈಕ್ಲರ್‌ನಿಂದ ಒಂದೊಂದೇ ಕೋರ್ ಪರೀಕ್ಷಿಸಿ, ರಾತ್ರಿಯಿಡೀ ಓಡಲಿ. ರ‍್ಯಾಮ್ ಎರಡೇ ಕಡ್ಡಿ, ಡಿಡಿಆರ್5-6000, ಎ2 ಮತ್ತು ಬಿ2 ಸ್ಲಾಟ್. ಎಕ್ಸ್‌ಪೋ (ರ‍್ಯಾಮ್ ವೇಗದ ಸಿದ್ಧ ಪ್ರೊಫೈಲ್) ಹಾಕಿದ ಮೇಲಿನ ಮೊದಲ ಬೂಟ್‌ನಲ್ಲಿ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಮೆಮೊರಿಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಸ್ವಿಚ್ ಒತ್ತಬೇಡಿ.

ನಮ್ಮ ಕಡೆಯ ತಂಪು ಹವೆ ಓವರ್‌ಕ್ಲಾಕ್‌ಗೆ ನಿಜವಾದ ವರ, ಮೋಸವೂ ಹೌದು. ಕೋಣೆಯ ತಾಪ 10 ಡಿಗ್ರಿ ಏರಿದರೆ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ 84 ಡಿಗ್ರಿಗೆ ನಿಂತದ್ದು ಹಾಸನದ ಏಪ್ರಿಲ್ ಮಧ್ಯಾಹ್ನ 95 ದಾಟುತ್ತದೆ. ಚಳಿಗಾಲದಲ್ಲಿ ಹೊಂದಿಸುವವರು 12-15 ಡಿಗ್ರಿ ಬಿಟ್ಟುಕೊಂಡೇ ಹೊಂದಿಸಬೇಕು. ಆಷಾಢದಲ್ಲಿ ಒದ್ದೆ ಹಿಡಿಯುವ ಗೋಡೆಗೆ ಕ್ಯಾಬಿನೆಟ್ ತಾಗಿಸಬೇಡಿ. ವಾರಗಟ್ಟಲೆ ಮುಚ್ಚಿಟ್ಟ ಸಿಸ್ಟಮ್ ಬೂಟ್ ಆಗದಿದ್ದರೆ, ಓವರ್‌ಕ್ಲಾಕ್ ಮೇಲೆ ತಪ್ಪು ಹೊರಿಸುವ ಮೊದಲು ರ‍್ಯಾಮ್ ಕಡ್ಡಿ ತೆಗೆದು ಅದರ ಕಾಂಟ್ಯಾಕ್ಟ್ ಒರೆಸಿ ಮತ್ತೆ ಕೂರಿಸಿ.

ದುಬಾರಿ ಚಿಪ್ ಯಾರಿಗೆ? ದಿನವಿಡೀ ಮದುವೆ ವಿಡಿಯೋ ರೆಂಡರ್ ಮಾಡುವ ಸ್ಟುಡಿಯೋದವರಿಗೆ, ತ್ರೀಡಿ ಕೆಲಸದವರಿಗೆ. ಅವರು ಕೊಳ್ಳುವುದು ಕೋರ್‌ಗಳ ಸಂಖ್ಯೆಯನ್ನು, ಅದು ನ್ಯಾಯ. ರೈಝನ್ 9 7950ಎಕ್ಸ್ ತೆಗೆದುಕೊಂಡು 16 ಕೋರ್‌ಗಳನ್ನು ವಿದ್ಯುತ್ ಉಳಿಸುವ ಇಕೋ ಮೋಡ್‌ನ 105 ವ್ಯಾಟ್ ಆಯ್ಕೆಗೆ ಇಳಿಸಿದರೆ, ಸಾಕೆಟ್ ಪವರ್ (ಚಿಪ್ ನಿಜವಾಗಿ ಎಳೆಯಬಹುದಾದ ಗರಿಷ್ಠ ವಿದ್ಯುತ್) 230ರಿಂದ 142 ವ್ಯಾಟ್‌ಗೆ ಬರುತ್ತದೆ, ಕಳೆದುಕೊಳ್ಳುವ ವೇಗ ಅದಕ್ಕೆ ಹೋಲಿಸಿದರೆ ಅಲ್ಪ.