ಒಂದೇ ತಪ್ಪು, ಮೂರು ಭಾಷೆ: ಪೈಥಾನ್, ರಸ್ಟ್, ಗೋ

ನಮ್ಮ ಟೀಮಿನಲ್ಲಿ ಟೀ ಹೊತ್ತಿಗೆ ಮುಗಿಯದ ಒಂದು ಜಗಳ ಇದೆ. ಪ್ರೀತಿಯ ಜಗಳವೇ. ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಂಡು, ಫೇಲ್ ಆದರೆ ಅದನ್ನು ಪ್ರೋಗ್ರಾಮಿಂಗ್ ಭಾಷೆ ಹೇಗೆ ತಿಳಿಸಬೇಕು? ಪೈಥಾನ್‌ನವರು ಎಕ್ಸೆಪ್ಷನ್ (ತಪ್ಪಾದ ಕೂಡಲೇ ಕೆಲಸ ನಿಲ್ಲಿಸಿ ಎಸೆಯುವ ಎರರ್) ಸಾಕು ಅಂತಾರೆ. ಗೋ ಬರೆಯುವವರು ಎರರ್ ಕೂಡ ಒಂದು ವ್ಯಾಲ್ಯೂ, ಕೈಗೆ ಕೊಡಿ, ನಾವು ನೋಡ್ಕೋತೀವಿ ಅಂತಾರೆ. ರಸ್ಟ್‌ನವರು ಸಾಲಿನ ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕಿ ನಗುತ್ತಾರೆ. ಮಾತಲ್ಲಿ ಬಗೆಹರಿಯಲ್ಲ ಅಂತ ಒಂದೇ ಪ್ರೋಗ್ರಾಮನ್ನು ಮೂರರಲ್ಲೂ ಬರೆದು ನೋಡಿದೆ.

ಕೆಲಸ ಚಿಕ್ಕದು. ಅಪಾರ್ಟ್‌ಮೆಂಟಿನ ನೀರಿನ ಮೀಟರ್ ರೀಡಿಂಗ್ ಇರುವ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ) ಓದಿ ಒಟ್ಟು ಬಳಕೆ ಕೂಡಿಸುವುದು. ಬೇಕಂತಲೇ ಒಂದು ಸಾಲಿನಲ್ಲಿ 120ರ ಸೊನ್ನೆ ತೆಗೆದು ಇಂಗ್ಲಿಷಿನ 'ಓ' ಅಕ್ಷರ ಇಟ್ಟೆ. ಕೈಯಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಇಂಥದ್ದು ಇದ್ದೇ ಇರುತ್ತೆ ಅಲ್ವಾ?

ಪೈಥಾನ್‌ನಲ್ಲಿ ಕೋಡ್ ಎಲ್ಲಕ್ಕಿಂತ ಚಿಕ್ಕದು. ವ್ಯಾಲ್ಯೂಎರರ್ ಬಂತು, ಯಾವ ಅಕ್ಷರಗಳು ನಂಬರ್ ಆಗಲಿಲ್ಲ ಅಂತ ತೋರಿಸಿತು, ಟ್ರೇಸ್‌ಬ್ಯಾಕ್ (ಎರರ್ ಎಲ್ಲಿಂದ ಬಂತು ಅನ್ನುವ ಪಟ್ಟಿ) ನನ್ನ ಕೋಡಿನ ಸಾಲನ್ನೂ ಹೇಳಿತು. ನನಗೆ ಬೇಕಿದ್ದದ್ದು ಫೈಲಿನ ಸಾಲು. ಅದಕ್ಕಿಂತ ದೊಡ್ಡ ತೊಂದರೆ, ಫಂಕ್ಷನ್ನಿನ ಮೊದಲ ಸಾಲು ನೋಡಿದರೆ ಅದು ಏನೇನು ಎಸೆಯಬಹುದು ಅಂತ ಗೊತ್ತಾಗುವುದಿಲ್ಲ.

ರಸ್ಟ್ ಬರೆಯುವಾಗ ನಿಜಕ್ಕೂ ಖುಷಿಯಾಯಿತು. ಆ ಪ್ರಶ್ನೆ ಚಿಹ್ನೆ 2016ರಲ್ಲಿ, 1.13ನೇ ಆವೃತ್ತಿಯಲ್ಲಿ ಬಂತು. ಎರರ್ ಬಂದರೆ ಫಂಕ್ಷನ್ನಿನಿಂದ ಅಲ್ಲೇ ಹೊರಗೆ, ಇಲ್ಲದಿದ್ದರೆ ಮುಂದಕ್ಕೆ. ಓದುವವರ ಕಣ್ಣಿಗೂ ಹಿತ. ಆದರೆ ಓಡಿಸಿದಾಗ ಪರದೆ ಮೇಲೆ ಬಂದದ್ದು ಪಾರ್ಸ್‌ಇಂಟ್‌ಎರರ್, ಇನ್‌ವ್ಯಾಲಿಡ್ ಡಿಜಿಟ್, ಅಂದರೆ ಅಂಕಿ ಸರಿಯಿಲ್ಲ. ಅಷ್ಟೇ! ಯಾವ ಸಾಲು, ಯಾವ ಅಕ್ಷರ, ಒಂದೂ ಇಲ್ಲ. ಎರರ್ ನಿಭಾಯಿಸುವ ಎನಿಹೌ ಲೈಬ್ರರಿ ಹಾಕಿಕೊಂಡರೆ ಕಾಂಟೆಕ್ಸ್ಟ್ (ಯಾವ ಸಾಲು ಅನ್ನುವಂಥ ವಿವರ) ಸೇರಿಸುವುದು ಸುಲಭ ಅಂತ ಗೆಳೆಯರು ತಕ್ಷಣ ಹೇಳಿದರು. ಸುಲಭವೇ. ಆದರೆ ಒಂದು ಚಿಹ್ನೆಯಲ್ಲಿ ಕೆಲಸ ಮುಗಿಯುವಾಗ ಅದನ್ನು ಸೇರಿಸಲು ಯಾರಿಗೆ ನೆನಪಾಗುತ್ತೆ?

ಗೋದಲ್ಲಿ ಪ್ರತಿ ಹೆಜ್ಜೆಗೂ 'ಇಫ್ ಎರ್ ನಾಟ್ ಈಕ್ವಲ್ ನಿಲ್', ಅಂದರೆ ಎರರ್ ಬಂದಿದೆಯಾ ಅಂತ ನೋಡುವ ಮೂರು ಸಾಲು. ಬೇಜಾರು ನಿಜ. 2019ರಲ್ಲಿ ಗೋ ತಂಡವೇ 'ಟ್ರೈ' ಅನ್ನುವ ಬಿಲ್ಟ್-ಇನ್ ಫಂಕ್ಷನ್ ತಂದು ಇದನ್ನು ಚಿಕ್ಕದು ಮಾಡಲು ಹೊರಟಿತ್ತು. ವಿರೋಧ ಎಷ್ಟು ಬಂತೆಂದರೆ ಅದೇ ವರ್ಷ ವಾಪಸ್ ತೆಗೆದುಕೊಂಡರು. 2025ರಲ್ಲಂತೂ, ಸದ್ಯಕ್ಕೆ ಇದಕ್ಕಾಗಿ ಸಿಂಟ್ಯಾಕ್ಸ್ (ಭಾಷೆಯ ವ್ಯಾಕರಣ) ಬದಲಿಸುವ ಪ್ರಯತ್ನ ನಿಲ್ಲಿಸುತ್ತೇವೆ ಅಂತ ಹೇಳಿಬಿಟ್ಟರು. ನನಗೆ ಅದು ಸರಿ ಅನ್ನಿಸುತ್ತೆ. ಹೇಗೂ ಆ ಮೂರು ಸಾಲು ಬರೆಯುತ್ತಿದ್ದೆ, ಕೈ ಅಲ್ಲೇ ಇತ್ತು, ಎರರ್ ಜೊತೆ ಫೈಲಿನ ಸಾಲಿನ ನಂಬರನ್ನೂ ಸೇರಿಸಿದೆ. ಓಡಿಸಿದಾಗ ಎಷ್ಟನೇ ಸಾಲು, ಯಾವ ಅಕ್ಷರಗಳು, ಎರಡೂ ಒಂದೇ ಸಾಲಿನಲ್ಲಿ ಬಂದವು. ಬಿಲ್ ಮಾಡುವವರು ನೇರ ಅಲ್ಲಿಗೇ ಹೋಗಿ ತಿದ್ದಬಹುದು.

ಹಾಗಾಗಿ ದಿನವೂ ಓಡುವ, ನಾಲ್ಕು ಜನ ಕೈ ಹಾಕುವ ಪ್ರೋಗ್ರಾಮಿಗೆ ನನ್ನ ಮತ ಗೋಗೆ. ಒಮ್ಮೆ ಓಡಿಸಿ ಬಿಡುವುದಕ್ಕೆ ಪೈಥಾನೇ ಸಾಕು.

ಆದರೆ ರಸ್ಟ್‌ನವರ ಒಂದು ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಗೋದಲ್ಲಿ ಫೈಲನ್ನು ಸುಮ್ನೆ ಡಿಲೀಟ್ ಮಾಡಿ, ಅದು ಕೊಟ್ಟ ಎರರನ್ನು ನೋಡದೇ ಬಿಟ್ಟರೂ ಕಂಪೈಲರ್ (ಕೋಡನ್ನು ಓಡುವ ಪ್ರೋಗ್ರಾಮ್ ಮಾಡುವ ಟೂಲ್) ಚಕಾರ ಎತ್ತುವುದಿಲ್ಲ. ರಸ್ಟ್ ಅದೇ ಜಾಗದಲ್ಲಿ ವಾರ್ನಿಂಗ್ ಕೊಡುತ್ತೆ. ಗೋದಲ್ಲಿ ಅದಕ್ಕೆ ಎರ್‌ಚೆಕ್ ಅನ್ನುವ ಬೇರೆ ಟೂಲ್ ಬೇಕು. ಅದು ಕಂಪೈಲರಿನ ಒಳಗೇ ಇರಬೇಕಿತ್ತು.